ಬೋರ್ ಮಾಡಿಸದೇ ಎಳೆದ 697: ನನ್ನ ಅನುಭವ

ಬಳ್ಳಾರಿಯ ಮೂರು ಗ್ಯಾರೇಜಲ್ಲಿ "ಬೋರ್ ಹೋಗೈತೆ, ಎಂಜಿನ್ ಇಳಿಸ್ಬೇಕು" (ಅಂದ್ರೆ ಸಿಲಿಂಡರ್ ಒಳಮೈ ಸವೆದಿದೆ) ಅಂತ ಹೇಳಿಸಿಕೊಂಡು ನಾಲ್ಕನೇದಾಗಿ ನನ್ನ ಹತ್ರ ಬಂದ ಟಿಪ್ಪರ್ ಇದು. ಈಗ ಮೂರು ತಿಂಗಳಾಯ್ತು, ಸಂಡೂರಿಂದ ತೋರಣಗಲ್ಲಿಗೆ ಅದಿರು ಹೊಡೀತಾ ಇದೆ. ಎಂಜಿನ್ ಇಳಿಸೋದಿರಲಿ, ನಾನು ಹೆಡ್ಡನ್ನೂ ಬಿಚ್ಚಲಿಲ್ಲ. ಅಂದು ತಲೆ ಅಲ್ಲಾಡಿಸಿದವರೇ ಈಗ ಏನು ಮಾಡಿದೆ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೀತಿದ್ದೀನಿ.

ಗಾಡಿ ಟಾಟಾ, ಆರು ಸಿಲಿಂಡರಿನ ಹಳೇ 697 ಎಂಜಿನ್. ಮೊದಲು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋದು) ಇರಲಿಲ್ಲ. ಹಿಂದಿನ ಮಾಲೀಕ ಸೆಕೆಂಡ್ ಹ್ಯಾಂಡ್ ಟರ್ಬೊ ಕೂರಿಸಿ, ಬೂಸ್ಟ್ ಡಯಾಫ್ರಾಮ್ (ಟರ್ಬೊ ಒತ್ತಡ, ಅಂದ್ರೆ ಬೂಸ್ಟ್, ಬಂದಾಗ ಡೀಸೆಲ್ ಹೆಚ್ಚಿಸೋ ಪೊರೆ) ಇರೋ ಇನ್‌ಲೈನ್ ಡೀಸೆಲ್ ಪಂಪ್ ಹಾಕಿಸಿದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿ ನಿಲ್ಲಿಸಿದಾಗ ನಮ್ಮ ಕಡೆ ಗಾಡಿಗಳು ಸಾಲುಸಾಲಾಗಿ ನಿಂತವಲ್ಲ, ಇದೂ ಆಗ ಹೆಚ್ಚುಕಮ್ಮಿ ಎರಡು ವರ್ಷ ಜಾಲಿ ಗಿಡದ ಕೆಳಗೆ ನಿಂತಿತ್ತು.

ಈಗಿನ ಮಾಲೀಕರು ಸಿರುಗುಪ್ಪ ಕಡೆಯವರು. ಅವರ ದೂರು, ಸ್ಲೋದಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) ಕ್ಯಾಬಿನ್ ಪೂರ್ತಿ ನಡುಗೋದು, ಲೋಡ್ ಹಾಕಿ ಏರು ಸಿಕ್ಕರೆ ಮೂರನೇ ಗೇರಲ್ಲೇ ಉಸಿರು ಕಟ್ಟೋದು. ಪಂಪ್ ಎರಡು ಸಲ ಕ್ಯಾಲಿಬ್ರೇಶನ್, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಆರೂ ನೋಜಲ್ ಹೊಸದು, ಟರ್ಬೊ ಕೋರ್ ಹೊಸದು, ಎಲ್ಲಾ ಸೇರಿ 38 ಸಾವಿರದ ಹತ್ರ ಸುರಿದಿದ್ದರು. ಮೇಲೆ ಬೋರಿಗೆ ಒಂದು ಲಕ್ಷ ಹತ್ತು ಸಾವಿರದ ಅಂದಾಜು ಬೇರೆ.

ಮೊದಲು ಬೋರಿನ ಮಾತು ಮುಗಿಸೋಣ ಅಂತ ಬಿಸಿ ಎಂಜಿನ್ನಲ್ಲಿ ಆಯಿಲ್ ಕ್ಯಾಪ್ ತೆಗೆದು ಬಾಯಿ ಮೇಲೆ ತಲೆಕೆಳಗಾಗಿ ಇಟ್ಟೆ. ಹಾರಲಿಲ್ಲ, ಕೂತಲ್ಲೇ ಸ್ವಲ್ಪ ಅದುರಿತು ಅಷ್ಟೇ. ಬ್ರೀದರಲ್ಲೂ (ಎಂಜಿನ್ ಒಳಗಿನ ಗಾಳಿ ಹೊರಬಿಡೋ ಪೈಪ್) ಅಂಥ ಹೊಗೆ ಇಲ್ಲ. ಪಿಸ್ಟನ್ ರಿಂಗ್ ಹೋದ ಎಂಜಿನ್ನಲ್ಲಿ ಒತ್ತಡ ಕೆಳಗೆ ಸೋರಿ ಕ್ಯಾಪ್ ಹಾರ್ತದೆ, ಹಿಂಗಿರಲ್ಲ. ಎಲ್ಲರೂ ಬೋರ್ ಅಂದಿದ್ದು ಗಾಡಿ ಎತ್ತುವಾಗ, ಅಂದ್ರೆ ವೇಗ ಏರಿಸುವಾಗ, ಬರೋ ಕಪ್ಪು ಹೊಗೆ ನೋಡಿ. ಆ ಹೊಗೆ ಯಾಕೆ ಅಂತ ಮುಂದೆ ಹೇಳ್ತೀನಿ.

ಯಾವ ಸಿಲಿಂಡರ್ ಕೆಲಸ ಮಾಡ್ತಿಲ್ಲ (ಮಿಸ್ಸಿಂಗ್) ಅಂತ ತಿಳಿಯೋಕೆ ನೋಜಲ್ ಪೈಪುಗಳ ಯೂನಿಯನ್ ನಟ್ ಒಂದೊಂದಾಗಿ ಸಡಿಲಿಸಿ ನೋಡಿದೆ. ಸೋಮವಾರ ಎರಡನೇ ಸಿಲಿಂಡರ್ ಮಿಸ್ಸಿಂಗ್. ಮಂಗಳವಾರ ಅದು ಸರಿ, ಐದನೇದು ಮಿಸ್ಸಿಂಗ್. ಇಲ್ಲಿಯೇ ನನಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಎರಡನೇ ನೋಜಲ್ ಎರಡು ಸಲ ಬಿಚ್ಚಿದೆ, ಟ್ಯಾಪೆಟ್ (ವಾಲ್ ಸಂದು) ಮತ್ತೆ ಹೊಂದಿಸಿದೆ, ಟ್ಯಾಂಕಿಂದ ಡೀಸೆಲ್ ಎಳೆಯೋ ಫೀಡ್ ಪಂಪ್ ನನ್ನ ಕೈಯಿಂದಲೇ 1,700 ಕೊಟ್ಟು ಹೊಸದು ತಂದು ಹಾಕಿದೆ. ನಾಲ್ಕು ದಿನ ಹೋಯ್ತು. ಮಾಲೀಕರು ಫೋನ್ ಮಾಡಿ "ಆಗಲ್ಲಂದ್ರೆ ಹೇಳಿಬಿಡಣ್ಣ, ಎಂಜಿನ್ ಇಳಿಸ್ತೀವಿ" ಅಂದ್ರು. ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದ್ದು ಡ್ರೈವರ್. ಟೀ ಕುಡೀತಾ "ಅಣ್ಣ, ಟ್ಯಾಂಕ್ ಫುಲ್ ಇದ್ದಾಗ ಬೆಳಿಗ್ಗೆ ಚೆನ್ನಾಗಿರ್ತೈತೆ, ಸಂಜೆ ಹೊತ್ತಿಗೆ ಶುರು ಆಗ್ತೈತೆ" ಅಂದ. ಹಿಂದಿನ ಮೂರೂ ಕಡೆ ಇದನ್ನೇ ಹೇಳಿದ್ದನಂತೆ, ಯಾರೂ ಕಿವಿಗೆ ಹಾಕ್ಕೊಂಡಿಲ್ಲ. ನೋಜಲ್, ವಾಲ್ ಕೆಟ್ಟರೆ ಮಿಸ್ಸಿಂಗ್ ಒಂದೇ ಸಿಲಿಂಡರಲ್ಲಿ ಕೂತಿರ್ತದೆ. ಹೀಗೆ ಊರು ಸುತ್ತೋ ಮಿಸ್ಸಿಂಗ್ ಅಂದ್ರೆ ಹೆಚ್ಚಾಗಿ ಡೀಸೆಲ್ ಜೊತೆ ಗಾಳಿ ಸೇರ್ತಿದೆ ಅಂತ. ಫೀಡ್ ಪಂಪಿಗೆ ಬರೋ ಪೈಪ್ ಮಧ್ಯೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದೆ, ಸಾಸಿವೆ ಕಾಳಿನಂಥ ಗುಳ್ಳೆ ಒಂದರ ಹಿಂದೆ ಒಂದು. ಟ್ಯಾಂಕ್ ಬಿಟ್ಟು, ಐದು ಲೀಟರ್ ಕ್ಯಾನ್ ಕ್ಯಾಬಿನ್ ಮೇಲೆ ಕಟ್ಟಿ ಅದರಿಂದ ಡೀಸೆಲ್ ಕೊಟ್ಟೆ. ಹತ್ತು ನಿಮಿಷದಲ್ಲಿ ನಡುಕ ನಿಂತು ಎಂಜಿನ್ ಗಡಿಯಾರದ ಹಾಗೆ ಓಡ್ತು.

ಟ್ಯಾಂಕ್ ಒಳಗಿನ ಸಕ್ಷನ್ ಪೈಪ್ ಎಳೆದು ನೋಡಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು. ಡೀಸೆಲ್ ಅದಕ್ಕಿಂತ ಕೆಳಗಿಳಿದರೆ ಗಾಳಿ ಎಳೀತದೆ. ಜಾಲಿ ಗಿಡದ ಕೆಳಗೆ ಖಾಲಿ ಟ್ಯಾಂಕಲ್ಲಿ ನಿಂತ ವರ್ಷಗಳ ತುಕ್ಕು ಅದು. ಹೊಸ ಪೈಪ್ ಬ್ರೇಜಿಂಗ್ ಸೇರಿ 450. ಟ್ಯಾಂಕ್ ತೊಳೆಯೋಕೆ ಏನು ಹಾಕ್ತೀನಿ ಅನ್ನೋದು ನಮ್ಮಪ್ಪನಿಂದ ಬಂದ ವಿದ್ಯೆ, ಅದು ನಮ್ಮ ಗ್ಯಾರೇಜಲ್ಲೇ ಇರಲಿ.

ಸ್ಲೋ ಸರಿಯಾಯ್ತು, ಎಳೆತ ಬರಲಿಲ್ಲ. ಎಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡಿಗೆ ಒತ್ತಡದ ಗೇಜ್ ಹಾಕಿ ಲೋಡಲ್ಲಿ ಏರು ಹತ್ತಿಸಿದೆ, 0.7 ಬಾರ್ ಆಸುಪಾಸು ಬಂತು. ಟರ್ಬೊ ತನ್ನ ಕೆಲಸ ಮಾಡ್ತಿದೆ ಅಂತಾಯ್ತು. ಹಾಗಾದ್ರೆ ಆ ಒತ್ತಡ ಪಂಪಿಗೆ ಗೊತ್ತಾಗ್ತಿದೆಯಾ? ಪಂಪಿನ ಗವರ್ನರ್ (ಡೀಸೆಲ್ ಹಿಡಿತದಲ್ಲಿಡೋ ಭಾಗ) ಮೇಲಿನ ಡಯಾಫ್ರಾಮಿಗೆ ಹೋಗೋ ಸಣ್ಣ ಪೈಪ್ ಬಿಚ್ಚಿ, ಆ ಬಾಯಿಗೆ ಗೇಜಿನ ಸಮೇತ ಸೈಕಲ್ ಪಂಪ್ ಕೊಟ್ಟೆ. ಮುಳ್ಳು ಏರಿದಷ್ಟೇ ಬೇಗ ಇಳೀತು. ಡಯಾಫ್ರಾಮ್ ಸೀಳಿತ್ತು. ಸುಮ್ಮನೆ ಕೈಯಲ್ಲಿ ಹಿಡಿದರೆ ಸೀಳು ಕಾಣಲ್ಲ, ಬೆರಳಲ್ಲಿ ಒತ್ತಿದಾಗ ಮಾತ್ರ ಬಾಯಿ ಬಿಡ್ತದೆ. ಬೂಸ್ಟ್ ಬಂದರೂ ಪಂಪ್ ಡೀಸೆಲ್ ಹೆಚ್ಚಿಸ್ತಿರಲಿಲ್ಲ. ಇದು ತಿಳೀದೆ ಯಾರೋ ಎಳೆತ ಬರಲಿ ಅಂತ ಪಂಪಿನ ಡೀಸೆಲ್ ಹೆಚ್ಚಿಸೋ ಸ್ಕ್ರೂ ತಿರುಗಿಸಿ ಬಿಟ್ಟಿದ್ದರು. ಹಾಗಾಗಿ ಟರ್ಬೊ ಇನ್ನೂ ಎದ್ದಿರದಾಗ, ಗಾಡಿ ಎತ್ತುವ ಹೊತ್ತಲ್ಲಿ, ಕಪ್ಪು ಹೊಗೆ, ಏರಲ್ಲಿ ಎಳೆತ ಇಲ್ಲ.

ಡಯಾಫ್ರಾಮ್ 300 ಚಿಲ್ಲರೆ. ಸ್ಕ್ರೂ ಹಿಂದಕ್ಕೆ ತಂದು, ಡಯಾಫ್ರಾಮ್ ಕೆಳಗಿನ ಸ್ಪ್ರಿಂಗಿನ ಹಲ್ಲುಚಕ್ರ ಸ್ವಲ್ಪ ತಿರುಗಿಸಿದೆ. ಎಷ್ಟು ಹಲ್ಲು, ಯಾವ ಕಡೆ ಅಂತ ಕೇಳಬೇಡಿ, ಹಾಳು ಮಾಡಿಕೊಂಡು ಕಲಿತದ್ದು.

ಇದರ ನಡುವೆ ಟ್ರಾಕ್ಟರಿನ ಪ್ರಿ-ಕ್ಲೀನರ್ (ಫಿಲ್ಟರಿಗೆ ಮೊದಲೇ ಧೂಳು ತಡೆಯೋದು) ಒಂದನ್ನು ಈ ಗಾಡಿಯ ಏರ್ ಫಿಲ್ಟರ್ ಬಾಯಿಗೆ ಕೂರಿಸಿ ನೋಡಿದೆ. ಅದಿರಿನ ಕೆಂಪು ಧೂಳಲ್ಲಿ ಹತ್ತು ದಿನಕ್ಕೆ ಕಟ್ಟಿಕೊಳ್ತಿದ್ದ ಫಿಲ್ಟರ್ ಈಗ ಇಪ್ಪತ್ತು ದಾಟ್ತಿದೆ. ಪ್ರಿ-ಕ್ಲೀನರ್ ಬಾಯಿ ಚಿಕ್ಕದು, ದೊಡ್ಡ ಟರ್ಬೊಗೆ ಗಾಳಿ ಸಾಲುತ್ತೋ ಇಲ್ಲವೋ ನೋಡ್ಬೇಕು.

ಸಾಮಾನು, ಕೂಲಿ ಸೇರಿ ನಾನು ತಗೊಂಡಿದ್ದು ಆರೂವರೆ ಸಾವಿರ, ಫೀಡ್ ಪಂಪಿನ ದುಡ್ಡು ಬಿಟ್ಟು. ಮೂರನೇ ಗೇರಲ್ಲಿ ಸಾಯ್ತಿದ್ದ ಏರನ್ನು ಈಗ ನಾಲ್ಕರಲ್ಲಿ ಹತ್ತುತ್ತದೆ. ಡೀಸೆಲ್ಲು ಲೀಟರಿಗೆ ಎರಡೂವರೆ ಕಿಲೋಮೀಟರ್ ಕೊಡ್ತಿದ್ದದ್ದು ಮೂರರ ಮೇಲೆ ಬಂದಿದೆ ಅಂತಾರೆ ಮಾಲೀಕರು. ಬೆಳಿಗ್ಗೆ ತಣ್ಣಗಿದ್ದಾಗ ಮೊದಲೆರಡು ನಿಮಿಷ ನಾಲ್ಕನೇ ಸಿಲಿಂಡರಲ್ಲಿ ಸಣ್ಣ ಬಡಿತ ಇನ್ನೂ ಇದೆ. ಮುಂದಿನ ಸರ್ವೀಸಿಗೆ ಬಂದಾಗ ಪಂಪಿಂದ ಆ ಸಿಲಿಂಡರಿಗೆ ಡೀಸೆಲ್ ಬಿಡೋ ಡೆಲಿವರಿ ವಾಲ್ ನೋಡ್ತೀನಿ.