ನೆಲ್ಲಿನ ಕೋಣೆಯ ಕೇರೆಹಾವು

ಮೊದಲೇ ಹೇಳಿಬಿಡುತ್ತೇನೆ, ನಾನು ಹಾವು ಹಿಡಿಯುವವನಲ್ಲ. ಗಂಗಾವತಿ ಕಡೆ ನಾಲ್ಕು ಎಕರೆ ಗದ್ದೆ ಇದೆ, ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಯ ನೀರು, ಡ್ಯಾಮ್ ತುಂಬಿದ ವರ್ಷ ಎರಡು ಬೆಳೆ. ಮನೆ ಊರ ಅಂಚಿನಲ್ಲಿದೆ. ಹಿಂದೆ ದನದ ಕೊಟ್ಟಿಗೆ, ಅದರ ಪಕ್ಕ ನೆಲ್ಲು ಇಡುವ ಕೋಣೆ, ಅದರಾಚೆ ಬಣವಿ. ಬೇಡ ಅಂದರೂ ಹಾವು ಬರುವ ಜಾಗ.

ಏಳೆಂಟು ವರ್ಷದ ಹಿಂದಿನ ಮಾತು. ಸುಗ್ಗಿ ಮುಗಿದು ಚೀಲಗಳು ಒಳಗೆ ಬಿದ್ದಿದ್ದವು. ಬೀಜದ ಚೀಲ ನೋಡಲು ಹೋದ ಅವ್ವ ಚೀರುತ್ತಾ ಹೊರಗೆ ಬಂದಳು. "ಯಪ್ಪಾ, ಹಾವು ಐತಿ, ಮಾರುದ್ದ ಐತಿ, ಬಡಿಗಿ ತಗೊಂಬಾ!"

ತಗೊಂಡು ಹೋದೆ. ಪಕ್ಕದ ಮನೆಯ ಕಾಕಾನೂ ಬಂದ. ಹಾವು ಓಡಲು ನೋಡಿತು, ದಾರಿ ಸಿಗಲಿಲ್ಲ, ಮೂಲೆಗೆ ಸಿಕ್ಕಿ ಕುತ್ತಿಗೆ ಉಬ್ಬಿಸಿ ಗುರ್ ಅಂದಿತು. ನಮಗೆ ಅಷ್ಟು ಸಾಕಾಯಿತು, ನಾಗರಹಾವೇ ಅಂದುಕೊಂಡೆವು. ನಾಲ್ಕೈದು ಏಟಿಗೆ ಸತ್ತಿತು. ಸಾಯುವ ಮೊದಲು ಒಂದು ಹೆಗ್ಗಣ ಕಕ್ಕಿತು, ಇನ್ನೂ ಅರ್ಧ ಕೂಡ ಕರಗಿರಲಿಲ್ಲ. ಆ ಹೆಗ್ಗಣದ ಕಡೆ ಯಾರೂ ಸರಿಯಾಗಿ ನೋಡಲಿಲ್ಲ, ನಾನೇ ಸಲಿಕೆಯಲ್ಲಿ ಎತ್ತಿ ತಿಪ್ಪೆಗೆ ಎಸೆದೆ. ನಾಗಪ್ಪನನ್ನು ಕೊಂದೆವಲ್ಲಾ, ದೋಷ ಬರುತ್ತದೆ ಅಂತ ಅವ್ವ ಹೆದರಿ ಕೂತಿದ್ದಳು. ಕಾಕಾ ಹಾವನ್ನು ಬಡಿಗೆಯಿಂದ ಮಗುಚಿ ನೋಡಿ, "ಕೇರಿಹಾವು ಬಿಡು, ಏನೂ ದೋಷ ಇಲ್ಲ" ಅಂದ. ಎಲ್ಲರಿಗೂ ಸಮಾಧಾನ ಆಯಿತು. ವಿಷ ಇಲ್ಲದ ಹಾವು ಅಂತ ಗೊತ್ತಾದ ಮೇಲೆ ಅಯ್ಯೋ ಅನ್ನಿಸಬೇಕಿತ್ತು, ನಮಗೆ ಸಮಾಧಾನ ಆಯಿತು!

ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುತ್ತೇವೆ, ಉಂಡಿ ಕಟ್ಟುತ್ತೇವೆ, ಜೋಕಾಲಿ ಆಡುತ್ತೇವೆ. ಕೇರೆಗೆ ಹಬ್ಬವೂ ಇಲ್ಲ, ಅದನ್ನು ಕೊಂದರೆ ಶಾಪದ ಭಯವೂ ಇಲ್ಲ. ಹಾಗಾಗಿ ನಮ್ಮಲ್ಲಿ ಜಾಸ್ತಿ ಏಟು ತಿನ್ನುವುದು ಅದೇ.

ಬೇಸಿಗೆ ಹೊತ್ತಿಗೆ ಕೋಣೆಯಲ್ಲಿ ಇಲಿ ಕಾಟ ಶುರುವಾಯಿತು. 75 ಕೆಜಿ ಚೀಲಗಳು, ಒಂದೊಂದಕ್ಕೂ ಕೆಳಗಿನ ಮೂಲೆಯಲ್ಲಿ ತೂತು. ಇಲಿಯೊಂದು ದಿನಕ್ಕೆ 20-25 ಗ್ರಾಂ ಕಾಳು ತಿನ್ನಬಹುದು, ಅದೇನು ದೊಡ್ಡ ಲೆಕ್ಕ ಅಲ್ಲ ಅನ್ನಿಸುತ್ತದೆ. ಆದರೆ ತಿನ್ನುವುದಕ್ಕಿಂತ ಚೆಲ್ಲುವುದು ಜಾಸ್ತಿ, ಉಳಿದದ್ದರ ಮೇಲೆ ಉಚ್ಚೆ ಹಿಕ್ಕೆ, ಆ ನೆಲ್ಲು ಅಕ್ಕಿ ಮಾಡಿಸಿದರೂ ವಾಸನೆ ಹೋಗುವುದಿಲ್ಲ. ಬೀಜಕ್ಕಿಟ್ಟ ಚೀಲವಂತೂ ಪೂರ್ತಿ ಹೋಯಿತು. ಇಲಿ ಪಾಷಾಣ ತಂದಿಟ್ಟೆ. ಕೆಲವು ಇಲಿ ಸತ್ತವು, ಗೋಡೆ ಸಂದಿಯಲ್ಲಿ ಸತ್ತು ನಾರಿದವು, ಎರಡನೇ ವಾರ ನಮ್ಮ ಬೆಕ್ಕೂ ಸತ್ತಿತು. ಪಾಷಾಣ ತಿಂದ ಇಲಿಯನ್ನು ತಿಂದಿರಬೇಕು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕೇರೆ ಸತ್ತಿದ್ದಕ್ಕೇ ಇಲಿ ಹೆಚ್ಚಾದವು ಅಂತ ಆಣೆ ಮಾಡಿ ಹೇಳಲಾರೆ. ಆ ವರ್ಷ ಸುತ್ತಮುತ್ತ ಎಲ್ಲರ ಗದ್ದೆ ಬದುವಿನಲ್ಲೂ ಇಲಿ ಜಾಸ್ತಿಯೇ ಇದ್ದವು. ಆದರೆ ಮಳೆಗಾಲಕ್ಕೆ ಅದೇ ಕೋಣೆಗೆ ನಿಜವಾದ ನಾಗರಹಾವು ಬಂತು. ಈ ಸಲ ಬಡಿಗೆ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಹಾವು ಹಿಡಿಯುವ ಹುಡುಗನನ್ನು ಕರೆಸಿದೆವು. ಅವನು ಹಾವನ್ನು ಚೀಲಕ್ಕೆ ಹಾಕಿ, ಟಾರ್ಚು ಹಿಡಿದು ಗೋಡೆಯ ಬುಡವನ್ನೆಲ್ಲ ನೋಡಿ ನಕ್ಕ. "ಅಣ್ಣಾರ, ನೀವು ಇಷ್ಟು ಊಟಕ್ಕ ಹಚ್ಚೀರಿ, ಯಾವುದರ ಒಂದು ಬಂದ ಬರತೈತಿ. ಕೇರಿ ಬಂದ್ರ ಬ್ಯಾಡ ಅಂತೀರಿ, ಆಮ್ಯಾಲೆ ಇದು ಬರತೈತಿ."

ಆ ಮಾತು ತಲೆಯಲ್ಲಿ ಕೂತಿತು. ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಆರೆಂಟು, ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ಬೆಕ್ಕು ಬಿಲದ ಬಾಯಲ್ಲಿ ಕಾಯುತ್ತದೆ, ಗೂಬೆ ಮೇಲಿನಿಂದ ನೋಡುತ್ತದೆ. ಬಿಲದೊಳಗೇ ಹೊಕ್ಕು ಕಣ್ಣು ಬಿಡದ ಮರಿಗಳ ತನಕ ಮುಟ್ಟುವುದು ಹಾವು. ಹಾಗಂತ ಒಂದು ಕೇರೆ ಇದ್ದರೆ ಇಲಿಯೇ ಇರುವುದಿಲ್ಲ ಅಂತ ಅಲ್ಲ, ಹಾವು ನಮ್ಮ ಹಾಗೆ ಮೂರು ಹೊತ್ತು ಉಣ್ಣುವುದಿಲ್ಲವಲ್ಲ. ಕೇರೆ ಇದ್ದಲ್ಲಿ ನಾಗರ ಬರುವುದಿಲ್ಲ ಅನ್ನುವುದೂ ಸುಳ್ಳು. ನಾಗರಹಾವು ಬೇರೆ ಹಾವನ್ನೂ ತಿನ್ನುತ್ತದೆ. ನಾನು ನಂಬುವುದು ಇಷ್ಟೇ, ಇಲಿ ಕಡಿಮೆ ಇದ್ದಷ್ಟೂ ನಾಗರಕ್ಕೆ ನಮ್ಮ ಮನೆಯಲ್ಲಿ ಕೆಲಸ ಕಡಿಮೆ.

ಮರುವರ್ಷ ಇನ್ನೊಂದು ಕೇರೆ ಬಂತು. ಅದಕ್ಕೆ ಮೊದಲೇ ಆ ಹುಡುಗನ ಹತ್ತಿರ ಗುರುತು ಕೇಳಿಕೊಂಡಿದ್ದೆ. ದೊಡ್ಡ ದುಂಡನೆ ಕಣ್ಣು, ತುಟಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪು ಗೆರೆಗಳು, ಉದ್ದನೆ ಸಪೂರ ಮೈ, ಹಗಲು ಹೊತ್ತೇ ಓಡಾಟ. ಹೆಡೆ ಇಲ್ಲ, ಹೆದರಿದಾಗ ಕುತ್ತಿಗೆ ಉಬ್ಬಿಸುತ್ತದೆ ಅಷ್ಟೇ. ನಮ್ಮಂಥವರು ಹೊಡೆಯುವುದು ಅದನ್ನು ನೋಡಿಯೇ.

ಅವ್ವನನ್ನು ಒಪ್ಪಿಸುವುದು ಹಾವಿನ ಗುರುತು ಕಲಿತಷ್ಟು ಸುಲಭ ಆಗಲಿಲ್ಲ. ಕೇರೆ ಬಾಲದಲ್ಲಿ ಹೊಡೆದರೆ ಹೊಡೆದ ಜಾಗ ಕೊಳೆಯುತ್ತದೆ ಅನ್ನುತ್ತಾಳೆ. ಬಾಲದಲ್ಲಿ ವಿಷ ಎಲ್ಲಿಂದ ಬಂತು? ಎಮ್ಮೆ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾಳೆ. ಹಾವಿನ ಬಾಯಿಗೆ ಚೀಪುವುದು ಆಗುವುದಿಲ್ಲ, ಹಲ್ಲು ಸೂಜಿಯ ಹಾಗೆ ಹಿಂದಕ್ಕೆ ಬಾಗಿರುತ್ತವೆ, ಅಂಥ ಬಾಯಿ ಕೆಚ್ಚಲಿಗೆ ಹಾಕಿದರೆ ನಮ್ಮ ಎಮ್ಮೆ ಸುಮ್ನೆ ನಿಲ್ಲುತ್ತದಾ ಅಂತ ಕೇಳಿದೆ. ನಮ್ಮ ಎಮ್ಮೆ ನನ್ನ ಹೆಂಡತಿಯನ್ನು ಬಿಟ್ಟರೆ ಯಾರು ಕೂತರೂ ಒದೆಯುತ್ತದೆ. ಆ ವಾದಕ್ಕೆ ಅವ್ವ ಸ್ವಲ್ಪ ತಣ್ಣಗಾದಳು.

ಹಾವನ್ನು ಬಿಡುವುದು ಅಂದರೆ ಕೈ ಕಟ್ಟಿ ಕೂರುವುದು ಅಂತ ನಾನೂ ಅಂದುಕೊಂಡಿದ್ದೆ. ಕೆಲಸ ಇದೆ. ಕೋಣೆಯಲ್ಲಿ ಚೀಲಗಳನ್ನು ನೆಲಕ್ಕೆ ಹಾಕುತ್ತಿದ್ದವನು ಹಲಗೆ ಮೇಲೆ ಇಡಲು ಶುರುಮಾಡಿದೆ, ಗೋಡೆಗೂ ಚೀಲಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ಹೋಗುವಷ್ಟು ಜಾಗ ಬಿಟ್ಟೆ. ಈಗ ಟಾರ್ಚು ಹಾಕಿದರೆ ಮೂಲೆ ಮೂಲೆ ಕಾಣುತ್ತದೆ. ಮನೆ ಗೋಡೆಗೆ ಒತ್ತಿಕೊಂಡಿದ್ದ ಕಟ್ಟಿಗೆ, ಕುಳ್ಳಿನ ರಾಶಿಯನ್ನು ಹಿತ್ತಲಿನ ಆ ತುದಿಗೆ ಸಾಗಿಸಿದೆ. ನಾವು ಮಲಗುವ ಮನೆಯ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆದೆ, ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿದೆ. ಕೋಣೆಯ ಬಾಗಿಲ ಸಂದಿ ಮಾತ್ರ ಹಾಗೇ ಇದೆ. ಕೇರೆ ಬರುವ ದಾರಿಯಲ್ಲಿ ನಾಗರವೂ ಬರಬಹುದು, ಗೊತ್ತು. ಅದಕ್ಕೇ ಕೋಣೆಗೆ ಯಾರೂ ಕತ್ತಲಲ್ಲಿ ಹೋಗುವುದಿಲ್ಲ, ಬರಿಗಾಲಲ್ಲಿ ಹೋಗುವುದಿಲ್ಲ, ಕಾಣದ ಕಡೆ ಕೈ ಹಾಕುವುದಿಲ್ಲ. ಹೋಗುವ ಮೊದಲು ತಗಡಿನ ಬಾಗಿಲನ್ನೂ ನೆಲವನ್ನೂ ನಾಲ್ಕು ಸಲ ಬಡಿಯುತ್ತೇವೆ. ಅದುರು ತಿಳಿದರೆ ಹಾವು ತಾನೇ ಸರಿಯುತ್ತದೆ.

ಕಷ್ಟ ಆಗಿದ್ದು ಹಮಾಲರ ಜೊತೆ. ಚೀಲ ಎತ್ತಲು ಬಂದವರಿಗೆ ನಾನು ಪ್ರಾಮಾಣಿಕವಾಗಿ, "ಒಳಗ ಕೇರಿ ಇರಬೋದು, ಹೊಡಿಬ್ಯಾಡ್ರಿ, ನನ್ನ ಕರೀರಿ" ಅಂದೆ. ಎಲ್ಲರೂ ಹೊರಗೆ ಬಂದು ಬೀಡಿ ಹಚ್ಚಿ ಕೂತರು! "ಮೊದ್ಲು ಅದು ಹೊರಗ ಬರ್ಲಿ, ಆಮ್ಯಾಲೆ ನಾವು ಒಳಗ ಹೋಗ್ತೀವಿ." ಅವರದೂ ತಪ್ಪಿಲ್ಲ. ಅಂದಿನಿಂದ ಲಾರಿ ಬರುವ ದಿನ ನಾನೇ ಒಂದು ತಾಸು ಮುಂಚೆ ಬಾಗಿಲು ತೆಗೆದು, ಬಡಿದು, ಹಲಗೆ ಕೆಳಗೆಲ್ಲ ನೋಡಿ ಬರುತ್ತೇನೆ.

ಈಗ ನನ್ನ ಪೆದ್ದತನದ ಕತೆ. ಎರಡು ವರ್ಷ ಹೀಗೆ ನಡೆದ ಮೇಲೆ ನನಗೆ ಹಾವೆಲ್ಲ ಗೊತ್ತು ಅನ್ನುವ ಸೊಕ್ಕು ಬಂದಿತ್ತು. ಮಳೆಗಾಲದ ಒಂದು ರಾತ್ರಿ, ಹತ್ತು ಗಂಟೆ ಹೊತ್ತಿಗೆ, ಬಚ್ಚಲ ನೆಲದ ಮೇಲೆ ಪಟ್ಟೆ ಪಟ್ಟೆ ಹಾವು. ಹಲ್ಲಿ ತಿನ್ನಲು ಬರುವ ತೋಳಹಾವು, ಪಾಪದ್ದು, ಅಂತ ಕಸಬರಿಗೆ ತಗೊಂಡು ಹೊರಗೆ ದೂಡಲು ಹೊರಟೆ. ಹೆಂಡತಿ ತಡೆದು, ದೂರದಿಂದಲೇ ಫೋಟೋ ತೆಗೆದು ಆ ಹುಡುಗನಿಗೆ ಕಳಿಸಿದಳು. ಒಂದು ನಿಮಿಷಕ್ಕೆ ಫೋನ್. "ಅಕ್ಕಾರ, ಅಣ್ಣನ್ನ ಅಲ್ಲೇ ನಿಂದರಿಸ್ರಿ. ಅದು ಕಟ್ಟುಹಾವು, ಭಾಳ ವಿಷದ್ದು." ನನ್ನ ಕೈಯಲ್ಲಿದ್ದ ಕಸಬರಿಗೆ ಒಂದೂವರೆ ಅಡಿಯದು.

ತೋಳಹಾವಿಗೆ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆಗೆ ಮಾಸುತ್ತಾ ಹೋಗುತ್ತದೆ. ಕಟ್ಟುಹಾವಿಗೆ ತಲೆಯಿಂದ ಸ್ವಲ್ಪ ದೂರ ಬಿಟ್ಟು ತೆಳ್ಳನೆ ಬಿಳಿ ಗೆರೆಗಳು ಜೋಡಿ ಜೋಡಿಯಾಗಿ ಶುರುವಾಗುತ್ತವೆ, ಬಾಲದ ಕಡೆ ಇನ್ನೂ ಸ್ಪಷ್ಟ. ಹಗಲಲ್ಲಿ ಫೋಟೋ ನೋಡಿ ಹೇಳುವುದು ಸುಲಭ, ರಾತ್ರಿ ಬಚ್ಚಲಲ್ಲಿ ಎದೆ ಹೊಡೆದುಕೊಳ್ಳುವಾಗ ಯಾರು ಗೆರೆ ಎಣಿಸುತ್ತಾರೆ? ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವು, ಬಾವು ಏನೂ ಇರುವುದಿಲ್ಲ. ನೆಲದ ಮೇಲೆ ಮಲಗಿದವರಿಗೆ ಇರುವೆ ಕಚ್ಚಿದ ಹಾಗಾಗಿ ಮಗ್ಗುಲು ಬದಲಿಸುತ್ತಾರೆ, ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲು ಆಗುವುದಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಮಂಚದ ಮೇಲೆ, ಸೊಳ್ಳೆಪರದೆ ಹಾಸಿಗೆ ಕೆಳಗೆ ಸಿಕ್ಕಿಸಿ. ನಿಯಮವೂ ಒಂದೇ. ಮನೆಯೊಳಗೆ ಬಂದದ್ದು ಯಾವ ಹಾವೇ ಇರಲಿ, ನಾವು ಹೆಸರು ಹೇಳಲು ಹೋಗುವುದಿಲ್ಲ. ಒಬ್ಬರು ದೂರ ನಿಂತು ಕಣ್ಣಿಡುವುದು, ಇನ್ನೊಬ್ಬರು ಫೋನ್ ಮಾಡುವುದು. ಸುಮ್ನೆ ಬಿಡುವ ಮಾತೆಲ್ಲ ಹೊರಗಿನ ಹಾವಿಗೆ.

ಗದ್ದೆಯ ನೀರುಹಾವಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಅದಕ್ಕೆ ವಿಷ ಇಲ್ಲ, ಸಿಟ್ಟು ಬಹಳ. 2024ರ ಆಗಸ್ಟ್, ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ನಾವೆಲ್ಲ ತಲೆ ಮೇಲೆ ಕೈ ಹೊತ್ತಿದ್ದ ವಾರ. ಕಳೆ ಕೀಳುವಾಗ ಹುಲ್ಲಿನ ಜೊತೆ ಅದನ್ನೂ ಹಿಡಿದೆ, ಬೆರಳಿಗೆ ಕಚ್ಚಿತು, ರಕ್ತ ಸುರಿಯಿತು. ಮೈಮೇಲೆ ಪಗಡೆ ಹಾಸಿನಂಥ ಚೌಕಳಿ, ಕಣ್ಣ ಕೆಳಗೆ ಎರಡು ಓರೆ ಕಪ್ಪು ಗೆರೆ, ಕಣ್ಣಾರೆ ನೋಡಿದ್ದೆ. ಆದರೂ ಬಚ್ಚಲ ಪಾಠ ನೆನಪಿತ್ತು. ಕಟ್ಟಲಿಲ್ಲ, ಕೊಯ್ಯಲಿಲ್ಲ, ಉಂಗುರ ತೆಗೆದು ಕೈ ಅಲ್ಲಾಡಿಸದೆ ತಮ್ಮನ ಬೈಕಿನಲ್ಲಿ ನೇರ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ಹೆಪ್ಪುಗಟ್ಟಿದರೆ ಸದ್ಯಕ್ಕೆ ಸರಿ, ನೀರಾಗೇ ಉಳಿದರೆ ಮಂಡಲದ ಹಾವಿನಂಥದ್ದರ ವಿಷ ಏರಿದೆ ಅಂತ. ನನ್ನದು ಹೆಪ್ಪುಗಟ್ಟಿತು. ಟಿಟಿ ಇಂಜೆಕ್ಷನ್ ಕೊಟ್ಟು ರಾತ್ರಿ ಅಲ್ಲೇ ಇಟ್ಟುಕೊಂಡರು, ವಿಷದ ಮದ್ದು ಬೇಕಾಗಲಿಲ್ಲ. ಹೆಸರು ರಿಜಿಸ್ಟರಿನಲ್ಲಿ ಬರೆದುಕೊಂಡರು. ಆ ವರ್ಷದ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತದ ಕೇಸು ವರದಿ ಮಾಡುವುದು ಕಡ್ಡಾಯ ಆಗಿದೆ.

ಇನ್ನೊಂದು ಸಣ್ಣ ಮಾತು. ನಾನು ಹಾವು ಹೊಡೆಯುವುದಿಲ್ಲ ಅಂತ ಸುದ್ದಿ ಆದಮೇಲೆ ಇಬ್ಬರು ಬೈಕಿನಲ್ಲಿ ಬಂದು, ಎರಡು ತಲೆ ಹಾವು ಸಿಕ್ಕರೆ ಲಕ್ಷಗಟ್ಟಲೆ ಕೊಡುತ್ತೇವೆ ಅಂದರು. ಅದಕ್ಕಿರುವುದು ಒಂದೇ ತಲೆ, ಬಾಲ ಮೊಂಡು ಅಷ್ಟೇ. ಹಿಡಿದರೆ, ಮಾರಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು. ಚಹಾ ಕೂಡ ಕೊಡದೆ ಕಳಿಸಿದೆ.

ಹೋದ ತಿಂಗಳು ಚೀಲಗಳ ಮೇಲೆ ಪೊರೆ ಸಿಕ್ಕಿತು. ಮಗಳು ಟೇಪು ಹಿಡಿದು ಅಳೆದಳು, ಏಳು ಅಡಿ. ಪೊರೆ ಹಿಗ್ಗಿರುತ್ತದೆ, ಹಾವು ಅಷ್ಟು ಉದ್ದ ಇರಲಿಕ್ಕಿಲ್ಲ ಅಂದೆ, ಒಪ್ಪಲಿಲ್ಲ. ಈ ವರ್ಷ ತೂತಾದ ಚೀಲ ಎರಡು. ಪಾಷಾಣ ತಂದಿಲ್ಲ, ಹೊಸ ಬೆಕ್ಕು ಇದೆ. ಅವ್ವ ಈಗ ಬಾಗಿಲು ಬಡಿದೇ ಒಳಗೆ ಹೋಗುತ್ತಾಳೆ, ಪೊರೆ ತೋರಿಸಿದರೆ ಮಾತ್ರ ಮುಖ ಆ ಕಡೆ ತಿರುಗಿಸುತ್ತಾಳೆ. "ಇರಲಿ ಬಿಡು, ನನ್ನ ಕಣ್ಣಿಗೆ ಬೀಳಬಾರದು ಅಷ್ಟ."