ಆ್ಯಪ್ ಕೆಲಸದ ಗರ್ಭಿಣಿ: ಏನು ಸಿಗುತ್ತದೆ, ಹೇಗೆ ಪಡೆಯುವುದು?

ಮುಂಬೈ ಸುತ್ತಲಿನ ಡೊಂಬಿವಲಿ, ಮೀರಾ ರೋಡ್ ಕಡೆ ಆ್ಯಪ್ ಬುಕಿಂಗ್ ಹಿಡಿದು ಮನೆಮನೆಗೆ ಹೋಗಿ ಫೇಶಿಯಲ್ ಮಾಡುವ ಕನ್ನಡದ ಹೆಣ್ಣುಮಕ್ಕಳಿಗೆ ಈ ಮಾಹಿತಿ. 26 ವಾರಗಳ ಸಂಬಳದ ರಜೆ ಮೊದಲು 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲಿತ್ತು, 2025ರ ನವೆಂಬರ್‌ನಿಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಆ ರಜೆ ನೌಕರರಿಗೆ. ಆ್ಯಪ್ ಕಂಪನಿಗಳ ಲೆಕ್ಕದಲ್ಲಿ ನೀವು ‘ಪಾರ್ಟ್‌ನರ್’. ಅದಕ್ಕಾಗಿ ಕಾಯುತ್ತ ಕೂತರೆ ಸಿಗುವ ಹಣವೂ ತಪ್ಪುತ್ತದೆ.

ಮೊದಲು ಅಸಂಘಟಿತ ಕಾರ್ಮಿಕರನ್ನು ನೋಂದಾಯಿಸುವ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ. ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಇದ್ದರೆ ಸಾಕು, ಖರ್ಚಿಲ್ಲ. ಅಲ್ಲಿ ಸಿಗುವ ಕಾರ್ಡ್ ಇದ್ದವರು, ಗರ್ಭಿಣಿಯರಿಗೆ ಹಣ ಕೊಡುವ ಕೇಂದ್ರದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಗೆ ಅರ್ಹರು.

ಆಮೇಲೆ ಹತ್ತಿರದ ಅಂಗನವಾಡಿ ಅಥವಾ ಪಾಲಿಕೆಯ ಆರೋಗ್ಯ ಕೇಂದ್ರಕ್ಕೆ ಹೋಗಿ ಬಸಿರು ನೋಂದಾಯಿಸಿ. ಊರಲ್ಲಿ ತಾಯಿ ಕಾರ್ಡ್ ಅಂತೀವಲ್ಲ, ಅಂಥದ್ದೇ ಕಾರ್ಡ್ ಇಲ್ಲೂ ಕೊಡುತ್ತಾರೆ. ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ತಪಾಸಣೆಯಾದರೂ ಆಗಿರಬೇಕು. ಮೊದಲ ಮಗುವಿಗೆ ಆಗ 3,000 ರೂಪಾಯಿ. ಜನನ ನೋಂದಣಿಯಾಗಿ, 14 ವಾರದವರೆಗಿನ ಲಸಿಕೆ ಮುಗಿದ ಮೇಲೆ ಇನ್ನೂ 2,000. ಎರಡನೆಯದು ಹೆಣ್ಣಾದರೆ ಒಟ್ಟಿಗೇ 6,000. ಹಣ ಆಧಾರ್ ಜೋಡಿಸಿದ ನಿಮ್ಮದೇ ಖಾತೆಗೆ ಬರುತ್ತದೆ, ಗಂಡನ ಖಾತೆ ನಡೆಯುವುದಿಲ್ಲ. ತಿಂಗಳುಗಟ್ಟಲೆ ಗಳಿಕೆ ನಿಲ್ಲುವವರಿಗೆ ಇದು ಏನೂ ಸಾಲದು. ಆದರೂ ಬಿಡಬೇಡಿ.

ನಮ್ಮವರು ಹೆಚ್ಚಾಗಿ ಎಡವುವುದು ಹೆರಿಗೆಗೆ ತವರಿಗೆ ಹೋಗುವಾಗ. ವಿಜಯಪುರಕ್ಕೋ ಉಡುಪಿಗೋ ಹೊರಟರೆ ಕಾರ್ಡ್, ತಪಾಸಣೆಯ ಚೀಟಿಗಳು ಬ್ಯಾಗಲ್ಲೇ ಇರಲಿ. ಮಗು ಎಲ್ಲಿ ಹುಟ್ಟಿತೋ ಅಲ್ಲೇ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಲಸಿಕೆ ಎಲ್ಲೇ ಹಾಕಿಸಿದರೂ ಅದೇ ಕಾರ್ಡಲ್ಲಿ ಬರೆಸಿ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ, ಅಂದರೆ ನಿಮ್ಮಂತೆ ಆ್ಯಪ್ ಮೂಲಕ ದುಡಿಯುವವರಿಗೆ, ಕಾನೂನು ತಂದಿದೆ ಅಂತ ಊರಿನಿಂದ ಫೋನ್ ಬಂದಿರಬಹುದು. ಮುಂಬೈಯಲ್ಲಿ ದುಡಿಯುವವರಿಗೆ ಅದು ಅನ್ವಯಿಸುವುದಿಲ್ಲ. ನಿಮಗಿರುವುದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ. 2020ರದ್ದು, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದರ ಪ್ರಕಾರ ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಕಾರ್ಮಿಕರ ಸಾಮಾಜಿಕ ಭದ್ರತೆಯ ನಿಧಿಗೆ ಕೊಡಬೇಕು. ಆ ನಿಧಿಯಿಂದ ಮಾಡಬಹುದಾದ ಯೋಜನೆಗಳ ಪಟ್ಟಿಯಲ್ಲಿ ಹೆರಿಗೆ ಸೌಲಭ್ಯವೂ ಇದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ, ಅಲ್ವಾ? ಆದರೆ ತಯಾರಿ ಬೇಕು. ಸೌಲಭ್ಯ ಪಡೆಯಲು, ಈ ಸಂಹಿತೆಯ ಕರಡು ನಿಯಮಗಳು ವರ್ಷಕ್ಕೆ ಒಂದೇ ಆ್ಯಪ್‌ನಲ್ಲಿ 90 ದಿನ, ಹಲವು ಆ್ಯಪ್ ಸೇರಿ 120 ದಿನ ದುಡಿದಿರಬೇಕು ಎಂದಿದ್ದವು. ಹಾಗಾಗಿ ಗಳಿಕೆಯ ಪುಟದ ಸ್ಕ್ರೀನ್‌ಶಾಟ್ ಪ್ರತಿ ತಿಂಗಳೂ ತೆಗೆದಿಡಿ. ರಜೆಗೆ ಮುಂಚೆ, ಐಡಿ ಬ್ಲಾಕ್ ಆಗುತ್ತದಾ ಅಂತ ಆ್ಯಪ್‌ನ ಚಾಟ್‌ನಲ್ಲೇ ಕೇಳಿ. ಫೋನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.