ಮೊರೇ ಈಲ್ ಊಟ ಮುಟ್ಟುತ್ತಿಲ್ಲವೇ? ಮೊದಲು ಗೂಡು, ಆಮೇಲೆ ಸಿಗಡಿ

ಮನೆಗೆ ತಂದು ಐದು ದಿನವಾಯಿತು. ಸಿಗಡಿ ಹಾಕಿದರೆ ತಿರುಗಿಯೂ ನೋಡದು. ಕಲ್ಲಿನ ಸಂದಿಯಿಂದ ಮೂತಿ ಹೊರಗಿಟ್ಟು ಬಾಯಿ ತೆರೆಯುತ್ತ ಮುಚ್ಚುತ್ತ ಕೂತಿರುತ್ತದೆ. ಹೊಸದಾಗಿ ಮೊರೇ ಈಲ್ ಎಂಬ ಹಾವಿನಂಥ ಮೀನು ಸಾಕುವ ಹೆಚ್ಚುಕಡಿಮೆ ಎಲ್ಲರ ದೂರೂ ಇದೇ. ಹಾಗೆ ಬಾಯಿ ಆಡಿಸುವುದು ಹಸಿವೂ ಅಲ್ಲ, ಸಿಟ್ಟೂ ಅಲ್ಲ. ಕಿವಿರುಗಳಿಗೆ ನೀರು ಹಾಯಿಸಿಕೊಳ್ಳುವ ರೀತಿ, ಅಂದರೆ ಬರೀ ಉಸಿರಾಟ. ಊಟ ಬಿಟ್ಟಿರುವುದೂ ಬಹುಪಾಲು ಕಾಯಿಲೆಯಿಂದಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಿಸಿಕೊಂಡು ಬಂದ ಪ್ರಾಣಿಗೆ, ಅಡಗಲು ಜಾಗ ಸಿಗುವವರೆಗೆ ಊಟದ ಗೊಡವೆಯೇ ಇರುವುದಿಲ್ಲ. ಮೈ ತುಂಬಿಕೊಂಡ ಈಲ್ ಎರಡು ವಾರ ಉಪವಾಸವಿದ್ದರೆ ಗಾಬರಿ ಬೇಡ. ಗಾಬರಿಗೆ ಬಿದ್ದು ದಿನಕ್ಕೆ ಮೂರು ಸಲ ಮೂತಿಗೆ ಸಿಗಡಿ ತಿವಿಯುವುದರಿಂದಲೇ ಉಪವಾಸ ಲಂಬಿಸುವುದುಂಟು.

ಇಲ್ಲಿ ಹೇಳುವುದು ಮುಖ್ಯವಾಗಿ ಸ್ನೋಫ್ಲೇಕ್ ಮೊರೇ ಬಗ್ಗೆ. ಬಿಳಿ ಮೈ ಮೇಲೆ ಕಪ್ಪು ಮಚ್ಚೆ, ಅದರೊಳಗೆ ಹಳದಿ ಚುಕ್ಕೆ ಇರುವ ಹಾವುಮೀನು ಇದು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಬದುಕುತ್ತದೆ. ತೊಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಅಡಿಯವರೆಗೆ ಬೆಳೆಯುತ್ತದೆ. ಹಲ್ಲು ಮೊಂಡು, ಸಣ್ಣ ಬೆಣಚುಕಲ್ಲಿನ ಹಾಗೆ. ಏಡಿಯ ಚಿಪ್ಪು ಪುಡಿಮಾಡಲು ಅಂಥ ಹಲ್ಲೇ ಬೇಕು. ಆದ್ದರಿಂದ ಇದರ ನಾಲಿಗೆಗೆ ಮೊದಲು ಒಗ್ಗುವುದು ಏಡಿ ಮತ್ತು ಸಿಗಡಿ; ಮೀನು ಆಮೇಲೆ.

ನೀರು ನೋಡದೆ ತಟ್ಟೆ ಹಾಕಬೇಡಿ

ಮೊದಲ ದಿನವೇ ನಾಲ್ಕು ಅಳತೆ ಬರೆದಿಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿನದು 1) 1.022ರಿಂದ 1.025, ಉಷ್ಣತೆ 24ರಿಂದ 27 ಡಿಗ್ರಿ. ಅಮೋನಿಯಾ ಸ್ವಲ್ಪವೇ ಕಂಡರೂ ಊಟದ ಯೋಚನೆ ಬಿಟ್ಟು ಕಾಲು ಭಾಗ ನೀರು ಬದಲಿಸಿ. ಉಪ್ಪನ್ನು ರಿಫ್ರಾಕ್ಟೋಮೀಟರಿನಲ್ಲೇ ಅಳೆಯಿರಿ. ಮುಳ್ಳು ಅಲುಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರಿಗೆ ಒಂದು ಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿ ತಣ್ಣಗಾಗಿ ಈಲ್‌ನ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವೂ ಕುಗ್ಗುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಉಲ್ಟಾ: 30 ಡಿಗ್ರಿ ದಾಟಿದ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿ ಅದು ಉಸಿರಿಗೇ ಒದ್ದಾಡುತ್ತದೆ. ಇನ್ನೊಂದು ಮಾತು, ಮೊರೇಗೆ ಹುರುಪೆ ಇಲ್ಲ, ಬರೀ ಲೋಳೆಯ ಮೈ. ಬೇರೆ ಮೀನಿನ ರೋಗಕ್ಕೆಂದು ತಾಮ್ರದ ಔಷಧಿ ಹಾಕಿದ ತೊಟ್ಟಿಗೆ ಇದನ್ನು ಬಿಡಬಾರದು.

ಗೂಡಿಗೆ ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪೇ ಸಾಕು. ಒಂದು ಅಡಿ ಉದ್ದದ ಈಲ್‌ಗೆ ಒಂದೂವರೆ ಇಂಚಿನ ಪೈಪು, ಉದ್ದ 35–40 ಸೆಂಟಿಮೀಟರ್, ಎರಡೂ ತುದಿ ತೆರೆದಿರಬೇಕು. ಕೊಯ್ದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಲೋಳೆಮೈ ಗೀರುತ್ತದೆ. ಇಂಥ ಎರಡು ಗೂಡು ಬೇಕು; ಒಂದರಲ್ಲಿ ಭಯವಾದರೆ ಇನ್ನೊಂದಕ್ಕೆ ಹೋಗಲಿ. ಕಲ್ಲುಗಳನ್ನು ಮರಳಿನ ಮೇಲಲ್ಲ, ನೇರ ಗಾಜಿನ ತಳದ ಮೇಲೆ ಕೂರಿಸಿ. ಮರಳು ತೋಡಿ ಕಲ್ಲು ಉರುಳಿಸಿಕೊಳ್ಳುವುದು ಈಲ್‌ನ ಹಳೆಯ ಚಾಳಿ. ತೊಟ್ಟಿಯ ಮೂರು ಮಗ್ಗುಲಿಗೆ ಕಂದು ಕಾಗದ ಅಂಟಿಸಿ, ದೀಪ ಆರಿಸಿ, ಮೂರು ನಾಲ್ಕು ದಿನ ಏನೂ ಹಾಕದೆ ಬಿಟ್ಟುಬಿಡಿ. ಹೊಸಬರು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಮೀನು ತಂದವರಿಗೆ ಊಟ ಹಾಕದೆ ಕೂರುವುದು ಅಷ್ಟು ಕಷ್ಟ.

ಕಣ್ಣಲ್ಲ, ಮೂಗು

ಮೊರೇಗೆ ದೃಷ್ಟಿ ಮಂದ. ಮೂತಿಯ ತುದಿಯಲ್ಲಿ ಸಣ್ಣ ಕೊಳವೆಗಳಂತೆ ಚಾಚಿಕೊಂಡ ಮೂಗಿನ ಹೊಳ್ಳೆಗಳೇ ಅದಕ್ಕೆ ದಾರಿ ತೋರಿಸುವುದು. ಎದುರಿಗೇ ಸಿಗಡಿ ಬಿದ್ದಿದ್ದರೂ ವಾಸನೆ ಮೂಗಿಗೆ ತಾಗದಿದ್ದರೆ ಅದು ಇಲ್ಲದ ಹಾಗೇ. ಬೇಯಿಸಿದ ಸಿಗಡಿ ಬೇಡವೆನ್ನುವುದೂ ಇದಕ್ಕೇ: ಬೆಂದರೆ ಹಸಿ ವಾಸನೆ ಹೋಯಿತು. ಉಪ್ಪು, ಅರಿಶಿನ ಸೋಕಿಸಿದ್ದಂತೂ ಬೇಡವೇ ಬೇಡ.

ಇನ್ನೊಂದು ವಿಶೇಷ ಗಂಟಲಲ್ಲಿದೆ. ಬಹುತೇಕ ಮೀನುಗಳು ಬಾಯಿ ತೆರೆದಾಗ ನೀರಿನೊಟ್ಟಿಗೆ ತುತ್ತನ್ನು ಹೀರಿಕೊಳ್ಳುತ್ತವೆ. ಇಕ್ಕಟ್ಟಿನ ಬಿಲದಲ್ಲಿರುವ ಮೊರೇಗೆ ಆ ಹೀರುವ ಶಕ್ತಿ ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿದಂತೆ, ಮುಂದಿನ ದವಡೆ ಹಿಡಿದುಕೊಂಡ ಬೇಟೆಯನ್ನು ಗಂಟಲೊಳಗಿನ ಎರಡನೇ ದವಡೆ ಮುಂದಕ್ಕೆ ಬಂದು ಕಚ್ಚಿ ಒಳಗೆ ಎಳೆಯುತ್ತದೆ. ಸ್ನೋಫ್ಲೇಕ್ ಹೀಗೆ ನೀರಿನಾಚೆ ನೆಲದ ಮೇಲೂ ತುತ್ತು ನುಂಗಬಲ್ಲದೆಂದು ಮೆಹ್ತಾ 2021ರಲ್ಲಿ ವರದಿ ಮಾಡಿದರು. ನಮಗೆ ಇದರಿಂದ ಸಿಗುವ ಪಾಠ ಸರಳ. ತೇಲುವ ಕಾಳು ಆಹಾರ ಇದಕ್ಕೆ ದಂಡ. ಹಲ್ಲಿಗೆ ಹಿಡಿತ ಸಿಗುವಂಥ, ಎಳೆದರೆ ಬರುವಂಥ ತುಂಡು ಬೇಕು.

ಮೊದಲ ತುತ್ತು

ಐದನೇ ದಿನ, ಮುಸ್ಸಂಜೆ. ಐಸ್‌ನಲ್ಲಿಟ್ಟ ತಾಜಾ ಸಿಗಡಿ ಎರಡು ಸಾಕು. ನಾಲ್ಕು ದಿನ ಮುಂಚೆಯೇ ತಂದು ಫ್ರೀಜರಿನಲ್ಲಿಟ್ಟಿದ್ದರೆ ಪರೋಪಜೀವಿಗಳ ಕಾಟ ಕಡಿಮೆ. ಕರಗಿಸಿ, ತಲೆ ಮತ್ತು ಚಿಪ್ಪನ್ನು ಕಾಲು ಲೋಟ ತೊಟ್ಟಿಯ ನೀರಲ್ಲಿ ಚೆನ್ನಾಗಿ ಹಿಸುಕಿ ಬಟ್ಟೆಯಲ್ಲಿ ಸೋಸಿ. ಮಾಂಸವನ್ನು ಒಂದರಿಂದ ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ. ಈಲ್‌ನ ತಲೆಯ ಅಗಲಕ್ಕಿಂತ ದೊಡ್ಡದಿರಬಾರದು.

ಅಲೆ ಎಬ್ಬಿಸುವ ಪಂಪನ್ನು ಹತ್ತು ನಿಮಿಷ ನಿಲ್ಲಿಸಿ. ಸೂಜಿ ತೆಗೆದ ಸಿರಿಂಜಿನಲ್ಲಿ ಸಿಗಡಿ ರಸ 5 ಮಿಲಿಲೀಟರ್ ಎಳೆದುಕೊಂಡು ಪೈಪಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಬಿಡಿ. ಈಗ ಕೈ ಹೊರಗೆ ತೆಗೆದು ನೋಡುತ್ತ ಕೂರಿ. ಉಸಿರಾಟ ಚುರುಕಾಗುತ್ತದೆ. ತಲೆ ಎಡಕ್ಕೆ ಬಲಕ್ಕೆ ತೂಗುತ್ತದೆ, ಕೊರಳಿನಷ್ಟು ಮೈ ಹೊರಬರುತ್ತದೆ. ಆಗ ಒಂದು ಅಡಿ ಉದ್ದದ ಪ್ಲಾಸ್ಟಿಕ್ ಚಿಮುಟದಲ್ಲಿ ಒಂದು ತುಂಡು ಹಿಡಿದು ನೆಲಮಟ್ಟದಲ್ಲೇ, ಮೂತಿಗೆ ಪಕ್ಕದಿಂದ, ಏಡಿ ಸರಿದಂತೆ ಬಿಟ್ಟುಬಿಟ್ಟು ಅಲುಗಿಸಿ. ಮೇಲಿನಿಂದ ಇಳಿಸಿದರೆ ಅದಕ್ಕೆ ಶತ್ರು ಎರಗಿದಂತೆ. ಸ್ಟೀಲಿನ ಇಕ್ಕುಳ ಬೇಡ, ಕಚ್ಚಿ ಹಲ್ಲು ಮುರಿದುಕೊಂಡರೆ ನಿಜಕ್ಕೂ ಊಟ ಬಿಡುತ್ತದೆ. ಕಚ್ಚಿದ ಕ್ಷಣ ಚಿಮುಟ ಸಡಿಲಿಸಿ.

ಬರಲಿಲ್ಲವೇ? ಹದಿನೈದು ನಿಮಿಷಕ್ಕೆ ತುಂಡು ತೆಗೆದುಬಿಡಿ. ಉಳಿದದ್ದು ಕೊಳೆತು ಅಮೋನಿಯಾ ಏರುತ್ತದೆ, ಅಮೋನಿಯಾಕ್ಕೆ ಈಲ್ ಮತ್ತೆ ಊಟ ಬಿಡುತ್ತದೆ. ಮುಂದಿನ ಪ್ರಯತ್ನ ಒಂದು ದಿನ ಬಿಟ್ಟು.

ಮೂರು ಸಂಜೆ ಸೋತರೆ ಊಟ ಬದಲಿಸಿ. ಒಡೆದ ಏಡಿಯ ಕಾಲು, ಬೊಂಡಾಸಿನ (ಸ್ಕ್ವಿಡ್) ತೆಳು ಪಟ್ಟಿ, ಅರ್ಧ ಚಿಪ್ಪಿನಲ್ಲೇ ಬಿಟ್ಟ ಮರುವಾಯಿ (ಕಪ್ಪೆಚಿಪ್ಪು), ಈ ಕ್ರಮದಲ್ಲಿ. ಚಿಮುಟ ಕಂಡರೇ ಒಳಸೇರುವ ಈಲ್‌ಗೆ ಇನ್ನೊಂದು ಉಪಾಯ: ತುಂಡನ್ನು ಹತ್ತಿಯ ದಾರದಲ್ಲಿ ಸಡಿಲವಾಗಿ ಸಣ್ಣ ಕಲ್ಲಿಗೆ ಸಿಕ್ಕಿಸಿ, ದೀಪ ಆರಿದ ಮೇಲೆ ಪೈಪಿನ ಬಾಯಲ್ಲಿಡಿ. ಎಳೆದರೆ ತುಂಡು ಮಾತ್ರ ಬರಬೇಕು, ದಾರ ಹೊಟ್ಟೆ ಸೇರಬಾರದು. ಬೆಳಿಗ್ಗೆ ಏಳುತ್ತಲೇ ಕಲ್ಲು ಹೊರಗೆ. ಟ್ರಿಗರ್ ಮೀನಿನಂಥ ಚುರುಕಿನವು ಜೊತೆಗಿದ್ದರೆ ತುತ್ತು ಈಲ್‌ವರೆಗೆ ತಲುಪುವುದೇ ಇಲ್ಲ. ಮಧ್ಯೆ ಜಾಲರಿ ಇಡಿ, ಅಥವಾ ಅವಕ್ಕೆ ಮೊದಲೇ ಹೊಟ್ಟೆ ತುಂಬಿಸಿ. ಇದೂ ಆಗದಿದ್ದರೆ ಬೆರಳುಗುರಿನಷ್ಟು ಜೀವಂತ ಏಡಿ. ಗೋಲ್ಡ್‌ಫಿಶ್ ಮಾತ್ರ ಹಾಕಬೇಡಿ. ಅದರಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಥಯಮಿನೇಸ್ ಎಂಬ ಕಿಣ್ವವಿದೆ. ಬೂತಾಯಿ (ಸಾರ್ಡೀನ್), ಕೊಲ್ಲತರು (ಆಂಚೊವಿ) ಜಾತಿಯ ಮೀನುಗಳನ್ನೂ, ಯಾವುದೇ ಒಂದೇ ಬಗೆಯ ಸಿಗಡಿಯನ್ನೂ ತಿಂಗಳುಗಟ್ಟಲೆ ಕೊಡದಿರಲು ಇದೇ ಕಾರಣ.

‘ಸಿಹಿನೀರಿನ ಮೊರೇ’ ಎಂದು ಕೊಟ್ಟಿದ್ದರೆ

ಇಲ್ಲಿ ಕಥೆಯೇ ಬೇರೆ. ಕಂದು ಮೈ ಮೇಲೆ ಹಳದಿ ಕಣಗಳಿರುವ, ಅಂಗಡಿಗಳಲ್ಲಿ ಸಿಹಿನೀರಿನದೆಂದು ಮಾರುವ ಈಲ್ ಸಾಮಾನ್ಯವಾಗಿ ಜಿಮ್ನೋಥೊರಾಕ್ಸ್ ಟೈಲ್. ನದಿ ಸಮುದ್ರ ಸೇರುವ ಅಳಿವೆಯ ಜೀವ ಅದು. ಗಂಗೆಯ ಮೀನುಗಳ ನಡುವೆ 1822ರಲ್ಲಿ ಅದನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಅಂದರೆ 1800–01ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿದ ನಮಗೆ ಗೊತ್ತಿರುವ ಬುಕಾನನ್ನೇ. ಸಿಹಿನೀರಲ್ಲಿ ಅದು ಕೆಲಕಾಲ ಬದುಕುತ್ತದೆ, ಆದರೆ ದಿನೇದಿನೇ ಸೊರಗಿ ಊಟ ಬಿಡುತ್ತದೆ. ಮದ್ದು ಉಪ್ಪು.

ನೀರಿನ ಸಾಪೇಕ್ಷ ಸಾಂದ್ರತೆಯನ್ನು ವಾರಕ್ಕೆ 0.002ರಷ್ಟು ಮಾತ್ರ ಏರಿಸುತ್ತ 1.010ರಿಂದ 1.015ಕ್ಕೆ ತನ್ನಿ. ಲೆಕ್ಕ ಹೀಗೆ: ಒಂದು ಲೀಟರಿಗೆ ಸುಮಾರು 3 ಗ್ರಾಂ, 200 ಲೀಟರ್ ತೊಟ್ಟಿಗೆ ವಾರಕ್ಕೆ 600 ಗ್ರಾಂ ಸಮುದ್ರ ತೊಟ್ಟಿಯ ಉಪ್ಪು. ಅಡುಗೆ ಉಪ್ಪು, ಕಲ್ಲುಪ್ಪು ನಡೆಯದು, ಅವುಗಳಲ್ಲಿ ಸಮುದ್ರದ ನೀರಿನ ಬೇರೆ ಲವಣಗಳು ಸಾಕಷ್ಟಿಲ್ಲ. ಬದಲಿಸುವ ನೀರಲ್ಲೇ ಮೊದಲು ಕರಗಿಸಿ, ಗಂಟೆಯ ಅವಧಿಯಲ್ಲಿ ನಿಧಾನಕ್ಕೆ ಸುರಿಯಿರಿ. ಅವಸರ ಮಾಡಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ. ಈ ಜಾತಿ ಮೀನಿನ ತುಂಡನ್ನೂ ಒಪ್ಪುತ್ತದೆ. ಉಪ್ಪು ಸರಿಹೋದ ಮೇಲೆ ಮೇಲಿನ ಕ್ರಮವೇ.

ಯಾವಾಗ ಚಿಂತಿಸಬೇಕು

ದಿನ ಎಣಿಸುವುದಕ್ಕಿಂತ ತಲೆಯ ಹಿಂಭಾಗ ನೋಡಿ. ಅಲ್ಲಿ ಮಾಂಸ ಕರಗಿ ತಲೆ ದಪ್ಪ, ಕುತ್ತಿಗೆ ಸಣ್ಣ ಎನಿಸಿದರೆ, ಬೆನ್ನಿನ ಏಣು ಎದ್ದು ಕಂಡರೆ, ಬಿಳಿ ನೂಲಿನಂಥ ಮಲ ಬಂದರೆ, ಬಾಯಿ ಮುಚ್ಚಲಾಗದೆ ಊದಿದ್ದರೆ ಜಲಚರಗಳ ವೈದ್ಯರಿಗೆ ತೋರಿಸಿ. ಬಾಯಿ ಬಿಡಿಸಿ ತುರುಕುವ ಸಾಹಸ ಬೇಡ.

ಮೊದಲ ದಿನ ತಿಂದರೆ ಒಂದೇ ತುಂಡಿಗೆ ನಿಲ್ಲಿಸಿ. ಖುಷಿಗೆ ನಾಲ್ಕು ಹಾಕಿದರೆ ಕಕ್ಕುತ್ತದೆ. ಎರಡು ದಿನ ಬಿಟ್ಟು ಎರಡು ತುಂಡು, ಆಮೇಲೆ ವಾರಕ್ಕೆ ಎರಡು ಮೂರು ಸಲ, ಹೊಟ್ಟೆ ಸ್ವಲ್ಪ ಉಬ್ಬುವಷ್ಟು. ಎಷ್ಟೇ ಪಳಗಿದರೂ ಬೆರಳಲ್ಲಿ ಹಿಡಿದು ಕೊಡಬೇಡಿ. ಸಿಗಡಿ ಮುಟ್ಟಿದ ಬೆರಳಿಗೂ ಸಿಗಡಿಗೂ ಅದರ ಮೂಗಿಗೆ ವ್ಯತ್ಯಾಸವಿಲ್ಲ.

ಊಟ ಕಲಿತ ಈಲ್ ಧೈರ್ಯವಾಗಿ ಸಂಜೆ ಹೊತ್ತು ತೊಟ್ಟಿಯೆಲ್ಲ ಸುತ್ತತೊಡಗುತ್ತದೆ, ಮುಚ್ಚಳದವರೆಗೂ. ಪೈಪು, ವೈರು ಒಳಹೋಗುವ ಕಿಂಡಿಗಳನ್ನು ಅಂದೇ ಸ್ಪಂಜಿನಿಂದ ಬಿಗಿಯಾಗಿ ತುಂಬಿ, ಮುಚ್ಚಳದ ಮೇಲೆ ಒಂದು ಭಾರ ಹೇರಿ. ತಲೆ ತೂರುವಷ್ಟು ಸಂದಿಯಿದ್ದರೆ ಇಡೀ ಈಲ್ ತೂರುತ್ತದೆ.